ಎರಡೇ ಸ್ಟಾರ್ ಕೊಟ್ಟವಳು

ಆ ಆಟದ ಬಗ್ಗೆ ನಾವು ನಾಲ್ಕು ಮಂದಿ ಬರೆದ ಅಭಿಪ್ರಾಯಗಳು ಇನ್ನೂ ನನ್ನ ಫೋನಿನಲ್ಲಿವೆ. ಆಟ ಮಾತ್ರ ಇಲ್ಲ. ಅಂಗಡಿ ಮುಚ್ಚಿದ ಮೇಲೂ ಬಾಗಿಲ ಮೇಲಿನ ಬೋರ್ಡು ಉಳಿದ ಹಾಗೆ ಅವಷ್ಟೇ ಉಳಿದಿವೆ. ಅಳಿಸಿಬಿಡೋಣ ಎಂದು ತೆರೆಯುತ್ತೇನೆ, ಓದುತ್ತೇನೆ, ಸಿಟ್ಟು ಬರುತ್ತದೆ, ಮತ್ತೆ ಹಾಗೇ ಬಿಡುತ್ತೇನೆ. ನಾನು ಹುನಗುಂದದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳು ಆಡಿಕೊಳ್ಳುತ್ತಾರೆ, ಅದೇನು ಸುಳ್ಳಲ್ಲ. ಆದರೆ ಈ ಒಂದು ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮೊದಲನೆಯದಾಗಿ, ನಮ್ಮ ಕಡೆಯವರನ್ನು ಅಭಿಪ್ರಾಯ ಕೇಳಲೇಬಾರದು. ಹೋಳಿಗೆ ಮಾಡಿ ಬಡಿಸಿ, ಹೇಗಿವೆ ಎಂದು ಕೇಳಿ ನೋಡಿ. ತಟ್ಟೆ ಬಳಿದು ತಿಂದವರು ಕೂಡ ಏಲಕ್ಕಿ ಒಂಚೂರು ಕಡಿಮೆ ಎನ್ನುತ್ತಾರೆ. ಮೊಮ್ಮಗ ತಾಲ್ಲೂಕಿಗೇ ಮೊದಲು ಬಂದರೂ ಅಜ್ಜ, ಏನೋ ದಾಟಿದ ಬಿಡ್ರಿ, ಎಂದು ಬೇರೆ ಮಾತು ತೆಗೆಯುತ್ತಾನೆ. ಹೊಸ ಮನೆ ಕಟ್ಟಿದವರು ಮುಂಬಾಗಿಲಿಗೆ ಕೋರೆಹಲ್ಲಿನ ರಾಕ್ಷಸನ ಮುಖ ತೂಗುಹಾಕುತ್ತಾರೆ. ಹೊರಗಿನಿಂದ ಬಂದವರು ಇದನ್ನು ಒರಟುತನ ಎಂದುಕೊಳ್ಳುತ್ತಾರೆ. ಹಾಗಲ್ಲ. ಪೂರಾ ಚೆಂದ ಇದ್ದದ್ದಕ್ಕೆ ನೆದರು, ಅಂದರೆ ಕೆಟ್ಟ ದೃಷ್ಟಿ, ಬೀಳುತ್ತದೆ, ಆದ್ದರಿಂದ ಅದನ್ನು ಪ್ರೀತಿಸುವವರೇ ಒಂದು ಕುಂದು ಹಚ್ಚಿ ಇಡಬೇಕು ಎಂಬುದು ಇಲ್ಲಿಯ ಲೆಕ್ಕ. ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಡುವುದೂ ಅದಕ್ಕೇ. ಕಣ್ಣಿಂದ ಬೆಳಕು ಒಳಗೆ ಹೋಗುತ್ತದೆಯೇ ಹೊರತು ಹೊರಗೆ ಏನೂ ಬರುವುದಿಲ್ಲ ಎಂದು ನಾನು ಪ್ರತಿ ವರ್ಷ ಎಂಟನೆಯ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಮನೆಗೆ ಹೋಗಿ ತಮ್ಮ ತಂಗಿಯರಿಗೆ ಅವ್ವ ದೃಷ್ಟಿ ತೆಗೆಯುವಾಗ ಉಪ್ಪು ಮೆಣಸಿನಕಾಯಿ ತಂದುಕೊಡುವವರೂ ಅವರೇ.

ನನ್ನ ತಂಗಿ ಇಳಕಲ್ಲಿನಲ್ಲಿ ಇದ್ದಾಳೆ. ಅವಳ ಗಂಡ ಗ್ರಾನೈಟ್ ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಮಾತು ಕಡಿಮೆಯ, ಒಳ್ಳೆಯ ಮನುಷ್ಯ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವರಿಗೆ ಒಂದು ಹೆಣ್ಣು ಮಗು ಆಯಿತು. ತುಂಬಿದ ಕೈಕಾಲು, ಯಾರು ಎತ್ತಿಕೊಂಡರೂ ನಗುವ ಕೂಸು. ಅದಕ್ಕೆ ಏಳು ತಿಂಗಳಿದ್ದಾಗ ಹುನಗುಂದದಲ್ಲಿ ನಮ್ಮ ಹತ್ತಿರದವರ ಮನೆಯ ಮದುವೆ ಬಂತು. ಬಸ್ಸಿಗೆ ಹೊತ್ತಾಯಿತು ಎನ್ನುವ ಗಡಿಬಿಡಿಯಲ್ಲಿ ತಂಗಿ ಕೂಸಿಗೆ ಕಾಡಿಗೆ ಹಚ್ಚುವುದನ್ನು ಮರೆತು ಬಂದಿದ್ದಳು. ಮದುವೆಮನೆಯಲ್ಲಿ ಕೂಸು ಕೈಯಿಂದ ಕೈಗೆ ಹೋಯಿತು. ಗೊಂಬಿ ಇದ್ದಂಗ ಐತಿ ಎಂದು ಅನ್ನದವರೇ ಇಲ್ಲ. ಅದಾದ ವಾರಕ್ಕೆ ಜ್ವರ ಬಂತು, ಉಸಿರು ಕಟ್ಟತೊಡಗಿತು, ಬಾಗಲಕೋಟೆಯ ದವಾಖಾನೆಗೆ ಒಯ್ದರು. ಡಾಕ್ಟರರು ಮಾಡಬಹುದಾದುದನ್ನೆಲ್ಲ ಮಾಡಿದರು. ನ್ಯುಮೋನಿಯಾ. ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ದಿನ, ಹೆಂಗಸರೆಲ್ಲ ಕುಳಿತಿದ್ದಾಗ, ಶಿರೂರಿನಿಂದ ಬಂದಿದ್ದ ನಮ್ಮ ಚಿಗವ್ವ, ಅಂದರೆ ನಮ್ಮ ಅವ್ವನ ತಂಗಿ, ಸೆರಗಿನಿಂದ ಬಾಯಿ ಒತ್ತಿಕೊಂಡು, ಮದುವೆಯ ದಿನ ಕೂಸಿನ ಗಲ್ಲ ಬರಿದಾಗಿತ್ತು ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವಳು ನಮ್ಮನ್ನು ಎತ್ತಿ ಆಡಿಸಿದವಳು, ಅವ್ವ ಹೋದ ಮೇಲೆ ನಮಗೆ ಅವ್ವನೇ ಆದವಳು. ಆದರೆ ನನಗೆ ತಡೆಯಲಾಗಲಿಲ್ಲ. ಕೂಸಿನ ಪುಪ್ಪುಸಕ್ಕೆ ರೋಗ ಬಂದದ್ದು, ಗಲ್ಲಕ್ಕಲ್ಲ ಎಂದು ಸಾವಿನ ಮನೆ ಎಂಬುದನ್ನೂ ಮರೆತು ಕೂಗಾಡಿದೆ. ತಂಗಿ ಗೋಡೆಗೆ ಒರಗಿ ಕುಳಿತಿದ್ದಳು. ಚಿಗವ್ವನ ಮಾತು ಅವಳ ಕಿವಿಗೆ ಬಿತ್ತು. ನನ್ನ ಕೂಗಾಟ ಬೀಳಲಿಲ್ಲ.

ಅಲ್ಲಿಂದ ಅವಳು ಮಾತು ಬಿಟ್ಟಳು. ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಗಂಡನಿಗೆ ಡಬ್ಬಿ ಕಟ್ಟುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಇಲ್ಲವೆಂದರೆ ಉಂಹೂಂ. ಬಾಗಲಕೋಟೆಯಲ್ಲಿ ಮನಸ್ಸಿನ ಡಾಕ್ಟರರಿಗೆ ತೋರಿಸಿದೆವು, ಗುಳಿಗೆ ಕೊಟ್ಟರು, ಗುಳಿಗೆಯಿಂದ ನಿದ್ದೆ ಬಂತು, ಮಾತು ಬರಲಿಲ್ಲ. ನಾನು ಭಾನುವಾರ ಭಾನುವಾರ ಹುನಗುಂದದಿಂದ ಬಸ್ ಹತ್ತಿ ಹೋಗಿ ಅವಳ ಎದುರು ಕುಳಿತು ಶಾಲೆಯ ಸುದ್ದಿಯನ್ನೆಲ್ಲ ಹೇಳಿ ಬರುತ್ತಿದ್ದೆ. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಬಾಯಿ ಮುಚ್ಚಿಸುವ ನನಗೆ ಒಬ್ಬಳ ಬಾಯಿ ತೆರೆಸಲಾಗಲಿಲ್ಲ. ಹಿಂತಿರುಗುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ.

ಆಟವನ್ನು ತಂದವರು ಗಣಿತದ ಮಾಸ್ತರರು. ಮೊದಲು ನಮ್ಮ ಶಾಲೆಯಲ್ಲೇ ಇದ್ದರು. ಆಮೇಲೆ ಕುಳಗೇರಿ ಕ್ರಾಸಿನ ಹತ್ತಿರದ ಶಾಲೆಗೆ ವರ್ಗವಾಗಿ, ಬಾದಾಮಿಯ ತಮ್ಮ ಹಿರಿಯರ ಮನೆಯಿಂದ ಓಡಾಡುತ್ತಿದ್ದರು. ಅಜ್ಜ ಮುತ್ತಜ್ಜರೆಲ್ಲ ಶಾಸ್ತ್ರ ಓದಿದವರು, ಇವರು ಲೆಕ್ಕ ಓದಿದವರು. ವಾದ ಮಾಡುವ ಚಟ ಮಾತ್ರ ತಲೆಮಾರಿನಿಂದ ಬಂದದ್ದು. ಅವರ ಪರಿಚಯದ ಒಬ್ಬರು ಯಾವುದೋ ಪರದೇಶದ ಆಟವನ್ನು ಕನ್ನಡಕ್ಕೆ ತರುವ ಕೆಲಸದಲ್ಲಿದ್ದರಂತೆ. ಮೇಜಿನ ಸುತ್ತ ಕುಳಿತು ಆಡುವ ಕಥೆಯ ಆಟವನ್ನು ಫೋನಿಗೆ ಇಳಿಸಿದ್ದಾರೆ, ಅದೂ ಏನೂ ಗೊತ್ತಿಲ್ಲದ ಹೊಸಬರಿಗಾಗಿ. ಒಬ್ಬರು ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರ ಹಿಡಿದು, ನಾನು ಹೀಗೆ ಮಾಡುತ್ತೇನೆ, ನಾನು ಅಲ್ಲಿಗೆ ಹೋಗುತ್ತೇನೆ ಎಂದು ಹೇಳಬೇಕು. ಅದು ಆದೀತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ದಾಳವೂ ನಕ್ಷೆಯೂ ಫೋನಿನೊಳಗೇ ಇರುತ್ತವೆ. ಕನ್ನಡದ್ದು ಇನ್ನೂ ಪರೀಕ್ಷೆಗೆ ಬಿಟ್ಟದ್ದು, ನಾಲ್ಕು ಮಂದಿ ಕೂಡಿದರೆ ಆಡಬಹುದು ಎಂದರು. ನನಗೆ ಇಂಥ ಹುಡುಗಾಟಿಕೆಗೆ ಪುರುಸೊತ್ತಿಲ್ಲ ಎಂದೆ. ಅವರು ದನಿ ತಗ್ಗಿಸಿ ಹೇಳಿದರು:

"ಟೀಚರ್, ಅದರಾಗ ಮಾತಾಡಲೇಬೇಕಂತ ಏನಿಲ್ಲ. ಬರೇ ಬೆರಳಿಲೆ ಒತ್ತಿದ್ರೂ ಆಟ ನಡೀತದ. ನಿಮ್ಮ ತಂಗಿಯವರನ್ನ ಕೂಡಿಸ್ಕೊಂಡ ನೋಡ್ರಿ."

ಹಾಗೆ ಶುರುವಾಯಿತು. ನಾಲ್ಕನೆಯವರು ಯಾರೂ ಸಿಗದೆ ಚಿಗವ್ವನನ್ನೇ ಸೇರಿಸಿಕೊಂಡೆವು. ಸಾವಿನ ಮನೆಯ ಜಗಳದ ನಂತರ ನಾವಿಬ್ಬರೂ ಸರಿಯಾಗಿ ಮಾತಾಡಿದ್ದು ಅದೇ ಮೊದಲು. ಭಾನುವಾರ ಊಟ ಮುಗಿಸಿ ನಾನೂ ತಂಗಿಯೂ ಇಳಕಲ್ಲಿನ ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದೆವು. ಚಿಗವ್ವ ಶಿರೂರಿನಲ್ಲಿ ಹಿಟ್ಟಿನ ಡಬ್ಬಿಗೆ ಫೋನು ಆನಿಸಿಕೊಂಡು ಕೂಡುತ್ತಿದ್ದಳು. ಮಾಸ್ತರರ ಕಡೆಯಿಂದ ಮಾತಿಗಿಂತ ಮೊದಲು ತಗಡಿನ ಮೇಲೆ ಮಂಗಗಳು ಓಡುವ ಸಪ್ಪಳ ಕೇಳುತ್ತಿತ್ತು. ಕಥೆ ನಡೆಸುವ ಕೆಲಸ ನನ್ನದು. ತಂಗಿಯ ಗಂಡ ಆಡುತ್ತಿರಲಿಲ್ಲ. ಒಳಗೆ ಚಹಾ ಮಾಡಿ ತಂದುಕೊಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದ.

ಕಥೆ ದೊಡ್ಡದೇನಲ್ಲ. ಒಂದು ಊರಿನ ಹಿಟ್ಟಿನ ಗಿರಣಿಯ ಕಲ್ಲನ್ನು ಯಾರೋ ಕದ್ದು ಗುಡ್ಡದ ಗವಿಗೆ ಒಯ್ದಿದ್ದಾರೆ, ಊರಿಗೆ ಹಿಟ್ಟಿಲ್ಲ, ನಾವು ಹೋಗಿ ತರಬೇಕು. ಮಾಸ್ತರರು ಮಾಂತ್ರಿಕನ ಪಾತ್ರ ಹಿಡಿದರು. ಚಿಗವ್ವ ಔಷಧಿ ಕೊಡುವವಳಾದಳು. ಆಟದ ಧ್ವನಿ "ದಯವಿಟ್ಟು ನಿಮ್ಮ ದಾಳವನ್ನು ಉರುಳಿಸಿರಿ" ಎಂದು ಆಕಾಶವಾಣಿಯವರ ಹಾಗೆ ಹೇಳಿದರೆ ಚಿಗವ್ವ, ಉರುಳಿಸ್ತೇನಪಾ, ತಡಿ, ಎಂದು ಅದಕ್ಕೆ ಉತ್ತರ ಕೊಡುತ್ತಿದ್ದಳು. ದಾರಿಯಲ್ಲಿ ಕಳ್ಳರು ಎದುರಾದರೆ ಮೊದಲು ಅವರು ಉಂಡಿದ್ದಾರೋ ಇಲ್ಲವೋ ಕೇಳು ಎಂದು ನನ್ನನ್ನು ಗದರಿಸುತ್ತಿದ್ದಳು. ಕಳ್ಳರು ಉಂಡಿದ್ದಾರೆಯೇ ಎಂಬುದಕ್ಕೆ ಆಟದಲ್ಲಿ ಉತ್ತರವೇ ಇರಲಿಲ್ಲ. ಮಾಸ್ತರರು ಇನ್ನೊಂದು ಬಗೆ. ಪ್ರತಿ ಹೆಜ್ಜೆಗೂ ದಾಳ ಎಷ್ಟು ಬೀಳುವ ಸಂಭವ ಎಂದು ಲೆಕ್ಕ ಹೇಳಿ, ಲೆಕ್ಕ ಮುಗಿಯುವುದರೊಳಗೆ ಏಟು ತಿನ್ನುತ್ತಿದ್ದರು.

ತಂಗಿಗೆ ಪಾತ್ರ ಆರಿಸಿದವಳು ನಾನೇ. ಏಟು ತಡೆಯುವ ಢಾಲು ಹಿಡಿದ ಕಾವಲುಗಾರ್ತಿ. ಆಟದ ಹೊಸದರಲ್ಲಿ ಅವಳು ಫೋನಿನ ಕಡೆ ನೋಡುತ್ತಲೂ ಇರಲಿಲ್ಲ. ಅವಳ ಸರದಿ ಬಂದಾಗ ನಾನೇ ಅವಳ ಬೆರಳು ಹಿಡಿದು ಒತ್ತಿಸುತ್ತಿದ್ದೆ. ಎರಡು ಭಾನುವಾರ ಹೀಗೇ ಹೋದವು. ಮೂರನೆಯ ಸಲ, ಕಥೆಯಲ್ಲಿ ಕತ್ತಲಾಗಿ, ನಾವು ಒಂದು ಪಾಳು ಛತ್ರದಲ್ಲಿ ತಂಗಬೇಕಾಯಿತು. ಯಾರು ಕಾವಲು ಕೂಡುತ್ತೀರಿ ಎಂದು ಆಟ ಕೇಳಿತು. ಚಿಗವ್ವ ತನಗೆ ಸೊಂಟ ನೋವು ಎಂದಳು, ಆಟದಲ್ಲೋ ಖರೇವಾಗಿಯೋ ತಿಳಿಯಲಿಲ್ಲ. ಮಾಸ್ತರರು ಮಂತ್ರ ಮರಳಿ ಬರಬೇಕಾದರೆ ನಿದ್ದೆ ಬೇಕು ಎಂದರು. ಯಾರೂ ಮುಂದೆ ಬರಲಿಲ್ಲ. ಆಗ ನನ್ನ ಪಕ್ಕದಿಂದ ದನಿ ಬಂತು:

"ಬಾಗಲದಾಗ ನಾ ಕುಂದರ್ತೇನಿ. ನೀವು ಮಲಗ್ರಿ."

ಬಹಳ ದಿನ ಬಳಸದ ದನಿ, ಒಡೆದಿತ್ತು. ತಂಗಿಯ ಗಂಡ ಚಹಾದ ತಟ್ಟೆ ಹಿಡಿದುಕೊಂಡು ನಡುಮನೆಯಲ್ಲೇ ನಿಂತುಬಿಟ್ಟ. ಶಿರೂರಿನಲ್ಲಿ ಚಿಗವ್ವ ಗೊಳೋ ಎಂದು ಅಳಲು ಶುರುಮಾಡಿದಳು. ಎಲ್ಲಿ ಇವಳು ಎಲ್ಲ ಕೆಡಿಸುತ್ತಾಳೋ ಎಂದು ನಾನು ಅವಳ ದನಿಯನ್ನು ಬಂದ್ ಮಾಡಿ, ಏನೂ ಆಗಿಲ್ಲವೆಂಬಂತೆ ತಂಗಿಗೆ ದಾಳ ಹಾಕಲು ಹೇಳಿದೆ. ಅವಳೇ ಒತ್ತಿದಳು. ಒಳ್ಳೆಯ ದಾಳ ಬಿತ್ತು. ಆ ರಾತ್ರಿ ಆಟದಲ್ಲಿ ನಮಗ್ಯಾರಿಗೂ ಏನೂ ಆಗಲಿಲ್ಲ.

ಅದಾದ ಮೇಲೆ ಆಟದೊಳಗೆ ಅವಳು ಮಾತಾಡತೊಡಗಿದಳು. ಚಿಗವ್ವಾ, ನನ್ನ ಹಿಂದ ನಿಂದರ, ಎನ್ನುವಳು. ಮಾಸ್ತರರಿಗೆ, ಲೆಕ್ಕ ಆಮ್ಯಾಲೆ ಮಾಡ್ರಿ, ಮೊದಲ ಓಡ್ರಿ, ಎನ್ನುವಳು. ಭಾನುವಾರದ ಮಾತು ಮೆಲ್ಲಗೆ ಸೋಮವಾರಕ್ಕೂ ಬಂತು. ವಾರದ ನಡುವೆ ಫೋನು ಮಾಡಿ, ಢಾಲು ಒಡೆದರೆ ಹೊಸದು ಕೊಡುತ್ತಾರೇನು ಎಂದು ಕೇಳುವಳು. ಢಾಲಿನ ಮಾತಿಗೆ ಹಾಲಿನವನ ಮಾತು ಕೂಡಿಕೊಂಡಿತು. ನೀರು ಬಂದಿಲ್ಲ, ಗ್ಯಾಸ್ ಮುಗಿದಿದೆ, ಇವರಿಗೆ ಕೆಮ್ಮು. ಇಂಥ ಮಾತಿಗಾಗಿ ಒಂದು ವರ್ಷ ಬಾಯಿ ಬಿಟ್ಟುಕೊಂಡು ಕುಳಿತವಳು ನಾನು. ಸ್ಟಾಫ್ ರೂಮಿನ ಮೂಲೆಯಲ್ಲಿ ನಿಂತು ಗ್ಯಾಸ್ ಸಿಲಿಂಡರಿನ ಸುದ್ದಿಯನ್ನು ಕಣ್ಣಲ್ಲಿ ನೀರು ತಂದುಕೊಂಡು ಕೇಳುತ್ತಿದ್ದೆ.

ಗವಿಯ ದಾರಿಯಲ್ಲಿ ಒಂದು ಕರಡಿ ಇತ್ತು. ನೇರ ದಾರಿ ಅದರ ಗುಹೆಯ ಮುಂದೆಯೇ. ಅದಕ್ಕೆ ಎರಡು ಮರಿ ಇವೆ ಎಂದು ನಾನು ಓದಿ ಹೇಳಬೇಕಾಯಿತು. ಓದುವಾಗ ನಾಲಿಗೆ ತಡವರಿಸಿತು, ಆದರೆ ಬರೆದದ್ದು ಎಲ್ಲರ ಪರದೆಯ ಮೇಲೂ ಕಾಣುತ್ತಿತ್ತು, ಮುಚ್ಚಿಡುವ ಹಾಗಿರಲಿಲ್ಲ. ಮಾಸ್ತರರು ಕರಡಿಯ ಬಲ ಎಷ್ಟು, ನಮ್ಮದೆಷ್ಟು ಎಂದು ಕೂಡಿ ಕಳೆದು, ನಾಲ್ಕೇ ಏಟಿಗೆ ಮುಗಿಯುತ್ತದೆ ಎಂದರು. ತಂಗಿ ಬಹಳ ಹೊತ್ತು ನಕ್ಷೆ ನೋಡಿದಳು. ಆಮೇಲೆ, ಮರಿ ಇದ್ದಲ್ಲಿ ಹೋಗೂದು ಬ್ಯಾಡ, ಗುಡ್ಡ ಸುತ್ತು ಹಾಕಿ ಹೋಗೂಣು ಎಂದಳು. ಸುತ್ತು ದಾರಿ ಬಲು ದೂರ. ಹಳ್ಳ, ಮುಳ್ಳು, ದಾರಿ ತಪ್ಪುವುದು, ಎಲ್ಲಕ್ಕೂ ಮತ್ತೆ ಮತ್ತೆ ದಾಳ. ಮೂರು ಭಾನುವಾರ ಆ ಗುಡ್ಡವನ್ನೇ ಸುತ್ತಿದೆವು. ಲೆಕ್ಕದ ಮಾಸ್ತರರು ಕೂಡ ಒಂದು ಮಾತು ಎದುರಾಡಲಿಲ್ಲ. ಆ ಮೂರು ವಾರಗಳಲ್ಲೇ ಒಂದು ದಿನ, ಚಹಾ ಕುಡಿಯುತ್ತಾ, ತಂಗಿ ತನ್ನ ಮಗುವಿನ ಹೆಸರು ಹಿಡಿದು ಏನೋ ಹೇಳಿದಳು. ಅದಕ್ಕೆ ಬೆಲ್ಲ ನೆಕ್ಕಿಸಿದಾಗ ಮುಖ ಹೇಗೆ ಮಾಡುತ್ತಿತ್ತು ಎಂಬ ಮಾತು. ಅವಳ ಗಂಡ ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ.

ಕೊನೆಗೆ ಕಲ್ಲು ಸಿಕ್ಕಿತು, ಗಿರಣಿ ತಿರುಗಿತು, ಊರಿಗೆ ಹಿಟ್ಟಾಯಿತು. ತಂಗಿ ನಕ್ಕಳು. ಹಲ್ಲು ಕಾಣುವ ಹಾಗೆ ನಕ್ಕಳು. ಚಿಗವ್ವ ಇನ್ನು ರೊಟ್ಟಿ ಬಡಿಯೋದು ಯಾವಾಗ ಎಂದು ಕೇಳಿದಳು. ಆಟದ ಪರದೆಯ ಮೇಲೆ, ಈ ಕಥೆ ನಿಮಗೆ ಹೇಗನಿಸಿತು, ದಯವಿಟ್ಟು ಅಭಿಪ್ರಾಯ ತಿಳಿಸಿ ಎಂದು ಬಂತು. ಐದು ಸ್ಟಾರುಗಳಲ್ಲಿ ಎಷ್ಟು ಎಂದು ಒತ್ತಿ, ಕೆಳಗೆ ಎರಡು ಮಾತು ಬರೆಯಬೇಕು. ಕನ್ನಡದಲ್ಲಿ ಆಡುವವರೇ ಕೈಬೆರಳೆಣಿಕೆಯಷ್ಟು ಮಂದಿ, ಮುಂದಿನ ಕಥೆಗಳು ಕನ್ನಡದಲ್ಲಿ ಬರಬೇಕೋ ಬೇಡವೋ ಎಂಬುದನ್ನು ಇದನ್ನು ನೋಡಿಯೇ ನಿರ್ಧರಿಸುತ್ತಾರಂತೆ ಎಂದು ಮಾಸ್ತರರು ಬಿಡಿಸಿ ಹೇಳಿದರು. ಎಲ್ಲರೂ ಹೂಂ ಎಂದರು. ನಾನು ಐದಕ್ಕೆ ಐದು ಒತ್ತಿ ಒಂದು ಪುಟದಷ್ಟು ಹೊಗಳಿ ಬರೆದೆ. ಉಳಿದವರು ಏನು ಬರೆದರೆಂದು ನೋಡಲಿಲ್ಲ. ಪಕ್ಕದವರ ಪೇಪರಿನಲ್ಲಿ ಇಣುಕಬಾರದೆಂದು ದಿನಾ ಹೇಳಿ ಹೇಳಿ ಅದು ನನ್ನ ಮೈಗೇ ಹತ್ತಿಬಿಟ್ಟಿದೆ.

ಹೊಸ ಕಥೆ ಬರುವವರೆಗೆ ಹಳೆಯದನ್ನೇ ಇನ್ನೊಮ್ಮೆ ಆಡುತ್ತಿದ್ದೆವು. ಒಂದು ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಬಾರಿಸುವ ಹೊತ್ತಿಗೆ ಫೋನಿಗೆ ಸೂಚನೆ ಬಂತು. ಕನ್ನಡದ ಆಟಗಾರರ ಅಭಿಪ್ರಾಯಗಳನ್ನು ಪರಿಶೀಲಿಸಿದ ಮೇಲೆ, ಈ ತಿಂಗಳ ಕೊನೆಗೆ ಕನ್ನಡದ ಆಟವನ್ನು ನಿಲ್ಲಿಸಲಾಗುವುದು. ನಿಮ್ಮ ಸಹಕಾರಕ್ಕೆ ಧನ್ಯವಾದಗಳು. ನಾನು ರಾಷ್ಟ್ರಗೀತೆಯ ಉದ್ದಕ್ಕೂ ನೆಟ್ಟಗೆ ನಿಂತು, ಮುಗಿದದ್ದೇ ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡು ಆ ಅಭಿಪ್ರಾಯಗಳನ್ನು ತೆರೆದೆ.

ಗುರುತಿಲ್ಲದವರು ಬರೆದವು ಕೆಲವು ಇದ್ದವು. ಫೋನು ಬಿಸಿಯಾಗುತ್ತದೆ, ಧ್ವನಿ ತಡವರಿಸುತ್ತದೆ, ಹೀಗೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮ ಚಿಗವ್ವ ಮೂರು ಕೊಟ್ಟಿದ್ದಳು. ಫೋನಿಗೆ ಮಾತಾಡಿ ಬರೆಸಿದ್ದು: "ಆಟ ನಡದೈತಿ. ಹೇಳೂ ಹುಡುಗನ ದನಿ ನೆಗಡಿ ಆದಂಗ ಐತಿ." ಮಾಸ್ತರರೂ ಮೂರು: "ಹೊಸಬರಿಗೆ ತಕ್ಕಮಟ್ಟಿಗೆ ಅನುಕೂಲ. ದಾಳದ ಲೆಕ್ಕ ಇನ್ನೂ ಸ್ಪಷ್ಟವಾಗಬೇಕು." ಎಲ್ಲಕ್ಕಿಂತ ಕೆಳಗೆ ನನ್ನ ತಂಗಿಯದು. ಎರಡು ಸ್ಟಾರ್. "ದಾರಿ ಭಾಳ ಉದ್ದ ಆತು. ಅಷ್ಟೇನು ಚಂದ ಇಲ್ಲ."

ದಾರಿ ಉದ್ದವಾಯಿತಂತೆ. ಕರಡಿಮರಿಗಾಗಿ ಗುಡ್ಡ ಸುತ್ತಿಸಿದವಳು ತಾನೇ, ಈಗ ದಾರಿ ಉದ್ದವಂತೆ. ನನ್ನ ಮೈ ಉರಿದುಹೋಯಿತು. ಮೊದಲು ಮಾಸ್ತರರಿಗೆ ಫೋನು ಹಚ್ಚಿದೆ. ಮೊದಲನೆಯ ಪರೀಕ್ಷೆಗೇ ಪೂರಾ ಅಂಕ ಕೊಟ್ಟರೆ ಹುಡುಗರು ಕೆಡುತ್ತಾರೆ ಎನ್ನುವುದು ಅವರ ನೌಕರಿಯ ಉದ್ದಕ್ಕೂ ನಡೆಸಿಕೊಂಡು ಬಂದ ನೇಮ. ಮುಂದಿನ ಕಥೆಗೆ ನಾಲ್ಕು, ಆಮೇಲೆ ಐದು ಎಂದುಕೊಂಡಿದ್ದರಂತೆ. ಅವರ ಪರಿಚಯದವರನ್ನು ಅಷ್ಟರಲ್ಲೇ ಕೇಳಿಯೂ ಇದ್ದರು. ಬರೆದ ಮಾತನ್ನು ಅಲ್ಲಿ ಯಾರೂ ಓದುವುದಿಲ್ಲವಂತೆ, ಎಲ್ಲ ಸ್ಟಾರ್ ಕೂಡಿಸಿ ಸರಾಸರಿ ತೆಗೆಯುತ್ತಾರೆ ಅಷ್ಟೇ. ಸರಾಸರಿ ಕಲಿಸಿ ಕಲಿಸಿ ತಲೆ ನೆರೆಸಿಕೊಂಡ ಮನುಷ್ಯ ಅದನ್ನು ಹೇಳುವಾಗ ದನಿ ಇಳಿದುಹೋಗಿತ್ತು. ಚಿಗವ್ವನಿಗೆ ಮಾತ್ರ ತಪ್ಪೇ ತಿಳಿಯಲಿಲ್ಲ. ನಮ್ಮ ಹುಡುಗಿಗೆ ಬಾಯಿ ಬರಿಸಿದ ಆಟಕ್ಕೆ ಎಲ್ಲರೂ ಐದೈದು ಕೊಟ್ಟು ಕೂತರೆ ನೆದರಾಗುವುದಿಲ್ಲವೇ ಎಂದು ನನಗೇ ತಿರುಗಿ ಕೇಳಿದಳು. ನಾನು ಹಣೆ ಹಣೆ ಬಡಿದುಕೊಂಡೆ. ಅವರಿಬ್ಬರನ್ನು ಬೈದದ್ದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ ಆಯಿತು. ಬಂದ್ ಮಾಡುವವರು ನಾವು ಐದು ಕೊಟ್ಟಿದ್ದರೂ ಬಂದ್ ಮಾಡುತ್ತಿದ್ದರೋ ಏನೋ. ಹತ್ತು ಗಿರಾಕಿಗಾಗಿ ಯಾರು ಅಂಗಡಿ ತೆರೆದಿಡುತ್ತಾರೆ? ಅವರಿಗೆ ಅದು ಚೆಲ್ಲಾಟ, ನಮಗೆ ಪ್ರಾಣಸಂಕಟ.

ಭಾನುವಾರ ಇಳಕಲ್ಲಿಗೆ ಹೋಗುವಾಗ ಬಸ್ಸಿನ ಉದ್ದಕ್ಕೂ ತಂಗಿಗೆ ಏನೇನು ಅನ್ನಬೇಕೆಂದು ಜೋಡಿಸಿಕೊಂಡು ಹೋದೆ. ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಸೂಚನೆ ಅವಳ ಫೋನಿಗೂ ಬಂದಿತ್ತು ಎಂದು ಮುಖ ನೋಡಿದ ಕೂಡಲೇ ತಿಳಿಯಿತು. ಜೋಡಿಸಿಕೊಂಡ ಮಾತೆಲ್ಲ ಬಿಟ್ಟು, ಎರಡೇ ಯಾಕೆ ಕೊಟ್ಟೆ ಎಂದಷ್ಟೇ ಕೇಳಿದೆ. ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಭಾಳ ಚಂದ ಇತ್ತಲ್ಲಕ್ಕಾ. ಅದಕ್ಕ."

ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಅವಳು ಒಂದು ತಟ್ಟೆ ತೊಳೆದು ಬೋರಲು ಹಾಕಿದಳು, ಇನ್ನೊಂದನ್ನು ತೆಗೆದುಕೊಂಡಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು:

"ಆವತ್ತ ಹಚ್ಚೂದು ಮರತಿದ್ದೆ. ಈ ಸಲ ಮರೀಲಿಲ್ಲಲ್ಲ. ಎಲ್ಲಾರಕಿಂತಾ ಹೆಚ್ಚ ಹಚ್ಚಿದ್ದೆ. ಆದ್ರೂ ಹೋತು."

ಅವಳ ಎರಡು ಸ್ಟಾರಿನ ಅರ್ಥ ನನಗೆ ಆಗ ಆಯಿತು. ಅದು ಅಭಿಪ್ರಾಯವಲ್ಲ, ಕಾಡಿಗೆ. ತನಗೆ ಸಿಕ್ಕ ಅಷ್ಟು ಒಳ್ಳೆಯದರ ಗಲ್ಲಕ್ಕೆ ಎಷ್ಟು ದೊಡ್ಡ ಬೊಟ್ಟು ಇಡಬಹುದೋ ಅಷ್ಟು ದೊಡ್ಡದು ಇಟ್ಟಿದ್ದಳು. ನನ್ನ ಸಿಟ್ಟೆಲ್ಲ ಇಳಿದುಹೋಗಿ ಅದರ ಜಾಗದಲ್ಲಿ ಹೆದರಿಕೆ ಕುಳಿತಿತು. ಆದರೂ ನಾನು ಟೀಚರ್ ಅಲ್ಲವೇ, ಬಾಯಿ ಸುಮ್ಮನಿರಲಿಲ್ಲ. ನೋಡು, ಇದರಿಂದಲೇ ತಿಳಿದುಕೋ ಎಂದೆ. ಹಚ್ಚಿದರೂ ಉಳಿಯುವುದಿಲ್ಲ, ಹಚ್ಚದಿದ್ದರೂ ಹೋಗುವುದಿಲ್ಲ. ಕಾಡಿಗೆಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾದರೆ ಕೂಸು ಹೋದದ್ದೂ ನಿನ್ನಿಂದಲ್ಲ. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ. ಒಂದು ವರ್ಷದಿಂದ ಹೇಳಲು ಒದ್ದಾಡಿದ ಮಾತು ಅದು. ಅವಳು ಈ ಸಲ ಕಿವಿಗೊಟ್ಟು ಕೇಳಿದಳು. ಕೈ ನಿಲ್ಲಿಸಿ, ತಲೆ ಎತ್ತಿ, ತರಗತಿಯ ಜಾಣ ಹುಡುಗಿಯ ಹಾಗೆ ಕೇಳಿದಳು.

"ಖರೆ ಐತಕ್ಕಾ," ಎಂದಳು. "ಹಂಗಾದ್ರ ನಾ ಏನ ಮಾಡಿದ್ರೂ ಅದು ಉಳೀತಿರಲಿಲ್ಲ."

ಆ ಮಾತು ಕೇಳಿ ಅವಳ ಎದೆ ಹಗುರವಾಗಬೇಕಿತ್ತು. ನಾನು ಅದಕ್ಕೆಂದೇ ಹೇಳಿದ್ದು. ಆದರೆ ಅವಳ ಮುಖದಲ್ಲಿ ಇದ್ದ ಏನೋ ಒಂದು ಆರಿಹೋದದ್ದನ್ನು ನಾನು ಕಣ್ಣಾರೆ ಕಂಡೆ. ತಪ್ಪು ತನ್ನದು ಎಂದುಕೊಂಡಿದ್ದಾಗ, ತಾನು ಹಚ್ಚಿದ್ದರೆ ಉಳಿಯುತ್ತಿತ್ತು ಎಂಬ ಒಂದು ಬೆಳಗಾದರೂ ಅವಳಿಗೆ ಇತ್ತು. ಬಸ್ಸಿಗೆ ಹೊತ್ತಾಗದ, ಕಾಡಿಗೆಯ ಡಬ್ಬಿ ಕೈಗೆ ಸಿಗುವ ಬೆಳಗು. ನಾನು ಅದನ್ನೂ ಕಸಿದುಕೊಂಡೆ, ಅದೂ ವಿಜ್ಞಾನದ ಹೆಸರಿನಲ್ಲಿ. ನಾನು ಹೇಳಿದ್ದು ಸುಳ್ಳಲ್ಲ. ಇವತ್ತಿಗೂ ಸುಳ್ಳಲ್ಲ. ಆದರೆ ನಿಜ ಹೇಳಿದವಳ ನಾಲಿಗೆ ಅವತ್ತಿನಿಂದ ಕಹಿಯಾಗಿದೆ.

ತಿಂಗಳು ಮುಗಿಯುವ ಮೊದಲು ಇನ್ನೊಂದು ಸಲ ಆಡೋಣ ಎಂದು ಮಾಸ್ತರರು ಕೇಳಿಕೊಂಡರು. ಚಿಗವ್ವನೂ ಹಿಟ್ಟಿನ ಡಬ್ಬಿಗೆ ಫೋನು ಆನಿಸಿಕೊಂಡು ಕುಳಿತಳು. ತಂಗಿ ಬಂದು ನನ್ನ ಪಕ್ಕದಲ್ಲಿ ಕುಳಿತಳು, ಆದರೆ ಅವಳ ಸರದಿ ಬಂದಾಗ ಮೊದಲಿನ ಹಾಗೆ ನಾನೇ ಬೆರಳು ಹಿಡಿದು ಒತ್ತಿಸಬೇಕಾಯಿತು. ಛತ್ರದ ಹತ್ತಿರ ಬಂದು, ಯಾರು ಕಾವಲು ಕೂಡುತ್ತೀರಿ ಎಂದು ಆಟ ಕೇಳಿದಾಗ ನಾವು ಮೂವರೂ ಅವಳ ದನಿಗಾಗಿ ಕಾದೆವು. ಮಾಸ್ತರರ ಮಂಗಗಳು ಕೂಡ ಆ ಹೊತ್ತಿನಲ್ಲಿ ಸುಮ್ಮನಿದ್ದವು. ಕೊನೆಗೆ ಚಿಗವ್ವ, ನಾನ ಕುಂದರ್ತೇನಿ ಬಿಡ್ರಿ, ಎಂದಳು. ಅವಳಿಗೆ ಕೆಟ್ಟ ದಾಳ ಬಿತ್ತು.

ಹೊಸ ತಿಂಗಳು ಬಂತು, ಆಟ ತೆರೆದರೆ ಖಾಲಿ ಪರದೆ ಬರತೊಡಗಿತು. ಮಾಸ್ತರರು ಇಂಗ್ಲಿಷಿನದನ್ನು ತಾವು ಬಾಯಲ್ಲೇ ಕನ್ನಡ ಮಾಡಿ ಹೇಳುತ್ತೇನೆ ಎಂದರು. ಕಾಗದ, ಪೆನ್ಸಿಲು, ಪಗಡೆಯ ದಾಳ ಇಟ್ಟುಕೊಂಡು ಆಡೋಣ ಎಂದು ನಾನೂ ಅಂದೆ. ತಂಗಿ ಎರಡಕ್ಕೂ ಉಂಹೂಂ ಎಂದಳು. ಗ್ಯಾಸಿನ ಸುದ್ದಿ, ಹಾಲಿನವನ ಸುದ್ದಿ ನಿಂತವು. ನನ್ನ ಭಾನುವಾರದ ಬಸ್ಸು ಮಾತ್ರ ನಡೆದೇ ಇದೆ.

ಮೊನ್ನೆಯ ಭಾನುವಾರ ನಾವಿಬ್ಬರೂ ಪಡಸಾಲೆಯಲ್ಲಿ ಕುಳಿತಿದ್ದಾಗ, ಮೇಲಿನ ಮನೆಯ ಮಾಲಕರ ಮಗಳು ಹಾಲಿಗೆ ಹೆಪ್ಪು ಕೇಳಿಕೊಂಡು ಬಂದಳು. ತವರ ಮನೆಗೆ ಬಾಣಂತನಕ್ಕೆಂದು ಬಂದವಳು, ಕಂಕುಳಲ್ಲಿ ಕೂಸು. ಇನ್ನೂ ಸ್ನಾನದ ಬಿಸಿ ಆರದ ಮೈ, ದುಂಡಗಿನ ಮುಖ. ಗಲ್ಲ ಬರಿದಾಗಿತ್ತು. ತಂಗಿ ಅದನ್ನು ನೋಡಿದಳು. ನೋಡಿದ್ದನ್ನು ನಾನು ನೋಡಿದೆ. ಏನಾದರೂ ಅನ್ನುತ್ತಾಳೆ, ಇನ್ನೇನು ಅನ್ನುತ್ತಾಳೆ ಎಂದು ಕಾದೆ. ಕೂಸಿಗೆ ಕಾಡಿಗಿ ಹಚ್ಚಿಲ್ಲೇನು ಎಂದು ಗದರಿಸಲಿ, ಅಥವಾ ಮುಖ ತಿರುಗಿಸಿ ಅಳಲಿ. ಅವಳು ಖಾಲಿ ಗೋಡೆ ನೋಡುವ ಹಾಗೆ ಅದನ್ನು ನೋಡಿ, ಹೆಪ್ಪು ತರಲು ಒಳಗೆ ಹೋದಳು.

ಕನ್ನಡಿಯ ಹಲಗೆಯ ಮೇಲೆ ಕಾಡಿಗೆಯ ಹಳೆಯ ಡಬ್ಬಿ ಇನ್ನೂ ಇತ್ತು. ಒಣಗಿ ಗಟ್ಟಿಯಾಗಿತ್ತು. ನಾನು ಎದ್ದು ಹೋಗಿ, ಬೆರಳಿಗೆ ಎಂಜಲು ಹಚ್ಚಿಕೊಂಡು ಉಜ್ಜಿ, ಆ ಕೂಸಿನ ಗಲ್ಲಕ್ಕೆ ಒಂದು ಬೊಟ್ಟು ಇಟ್ಟೆ. ದೊಡ್ಡದೇ ಇಟ್ಟೆ. ತಂಗಿ ಹೆಪ್ಪಿನ ಬಟ್ಟಲು ಹಿಡಿದುಕೊಂಡು ಬಂದವಳು ನನ್ನ ಬೆರಳಿನ ಕಪ್ಪು ನೋಡಿದಳು. ಅಕ್ಕಾ, ನೀನೂ ಹಿಂಗ ಮಾಡ್ತೀಯೇನು ಎಂದು ಅವಳು ನನ್ನನ್ನು ಹಂಗಿಸಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಅವಳು ಬಟ್ಟಲನ್ನು ಆ ಹುಡುಗಿಯ ಕೈಗೆ ಕೊಟ್ಟು, ಒಲೆಯ ಮೇಲೆ ಹಾಲಿದೆ ಎಂದು ಕೈಸನ್ನೆ ಮಾಡಿ, ಮತ್ತೆ ಒಳಗೆ ಹೋದಳು.